ಬಿದ್ದವನ ಮಾತು

ಮಾತಾಡುವ ಮುಂಚೆ ಅವರ ಗಂಟಲಗಂಟು ಒಮ್ಮೆ ಮೇಲಕ್ಕೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತು, ಆಮೇಲೆ ಕೆಳಗಿಳಿಯುತ್ತಿತ್ತು. ಉದ್ದನೆಯ ಸಣಕಲು ಕತ್ತು, ಅದರ ಮೇಲೆ ಪುಟ್ಟ ತಲೆ, ತಲೆಯ ಮೇಲೆ ತೊಳೆದು ತೊಳೆದು ಬೂದಿಬಣ್ಣಕ್ಕೆ ತಿರುಗಿದ ಬಿಳಿ ಟೊಪ್ಪಿಗೆ. ಮೈಯಲ್ಲಿ ಮಾಂಸವೆಂಬುದು ಹೆಸರಿಗೂ ಇರಲಿಲ್ಲ. ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಗರಡಿಗಳೆಲ್ಲ ಸೇರಿದ ಕುಸ್ತಿ ಸಂಘಕ್ಕೆ ಇವರೇ ಅಧ್ಯಕ್ಷರು ಎಂದರೆ ಹೊರಗಿನಿಂದ ಬಂದ ಪೈಲ್ವಾನರು ನಾವು ಚೇಷ್ಟೆ ಮಾಡುತ್ತಿದ್ದೇವೆ ಎಂದೇ ತಿಳಿಯುತ್ತಿದ್ದರು.

ಸವಣೂರಿನಲ್ಲಿ ಅವರದು ವೀಳ್ಯದೆಲೆಯ ವ್ಯಾಪಾರ. ಊರ ಹೊರಗೆ ತಂದೆಯ ಕಾಲದ ಎಲೆತೋಟ, ಪೇಟೆಯಲ್ಲಿ ಒಂದು ಸಣ್ಣ ಅಂಗಡಿ. ನಾನು ಹಾನಗಲ್ಲಿನ ಒಕ್ಕಲು ಮನೆಯವನು, ಕೊರಳಲ್ಲಿ ಲಿಂಗ ಕಟ್ಟಿಕೊಂಡವನು. ಅವರು ಐದು ಹೊತ್ತು ನಮಾಜು ಮಾಡುವವರು. ಆದರೆ ಗರಡಿಯಲ್ಲಿ ಬೆಳೆದ ನಮಗೆಲ್ಲ ಅವರು ಬರೀ ಕಾಕಾ. ಅವರ ಹೆಂಡತಿ ಕಾಕೂ. ಕಾಕೂ ಕೈಯಿಂದ ರೊಟ್ಟಿ ತಿನ್ನದೆ ಸವಣೂರು ಬಿಟ್ಟ ಪೈಲ್ವಾನನನ್ನು ನಾನು ನೋಡಿಲ್ಲ. ಮಡಿವಂತರ ಮನೆಯ ಹುಡುಗರು ಹಿತ್ತಿಲಲ್ಲಿ ಕುಳಿತು ತಿನ್ನುತ್ತಿದ್ದರು, ಅಷ್ಟೇ ವ್ಯತ್ಯಾಸ.

ಕಾಕಾ ಅಂಜುಬುರುಕರು. ಇದನ್ನು ನಾನು ಮುಚ್ಚಿಡಬೇಕಾದ್ದಿಲ್ಲ, ಅವರೇ ಎಂದೂ ಮುಚ್ಚಿಟ್ಟವರಲ್ಲ. ಗುಡುಗಿಗೆ ಅಂಜುತ್ತಿದ್ದರು, ಬಸ್ಸು ತಿರುವಿನಲ್ಲಿ ವಾಲಿದರೆ ಅಂಜುತ್ತಿದ್ದರು, ಪೊಲೀಸರ ಬೂಟಿನ ಸದ್ದು ಕೇಳಿದರೆ ಅಂಗಡಿಯ ಒಳಗೆ ಸರಿಯುತ್ತಿದ್ದರು. ಕಪ್ಪೆಗಂತೂ ಕೇಳುವುದೇ ಬೇಡ. "ಕಪ್ಪಿ ಕಂಡ್ರ ಕಟ್ಟಿ ಏರ್ತಾರ, ಇವ್ರು ಪೈಲ್ವಾನರಿಗೆ ಅಧ್ಯಕ್ಷರು" ಎಂದು ಕಾಕೂ ನಮ್ಮೆದುರಿಗೇ ಹಂಗಿಸುತ್ತಿದ್ದರು. ಕಾಕಾ ತಲೆ ಎತ್ತದೆ ಎಲೆ ಆರಿಸುತ್ತಲೇ, "ಖರೆ ಐತಿ ಬಿಡು. ನನ್ನಷ್ಟು ಅಂಜೂ ಮನಿಷ್ಯಾ ಈ ಊರಾಗ ಇಲ್ಲ" ಎನ್ನುತ್ತಿದ್ದರು. ಕುಸ್ತಿಯ ದಿನ ಬೆಳಗ್ಗೆ ತಾವೇ ಕಣಕ್ಕಿಳಿದು, ಮಂಡಿಯೂರಿ, ಕೆಮ್ಮಣ್ಣನ್ನೆಲ್ಲ ಬೆರಳಿಂದ ಜಾಲಾಡಿಸಿ ಹರಳು ಹೆಕ್ಕುತ್ತಿದ್ದರು. ಯಾರಿಗಾದರೂ ಪೆಟ್ಟಾದೀತು ಎಂಬ ಅಂಜಿಕೆ. ನಾವು ನಗುತ್ತಿದ್ದೆವು. ಆದರೆ ಅವರು ಹೆಕ್ಕಿದ ಕಣದಲ್ಲಿ ಯಾರ ಮೈಯೂ ಹರಿದದ್ದು ನನಗೆ ನೆನಪಿಲ್ಲ.

ಸಂಘ ಹುಟ್ಟಿದ್ದೂ ಅಂಜಿಕೆಯಿಂದಲೇ. ನಾನು ಗರಡಿಗೆ ಕಾಲಿಡುವ ಮೊದಲು, ಮೂವತ್ತರ ದಶಕದ ಶುರುವಿನಲ್ಲಿ, ಶಿಗ್ಗಾಂವಿಯ ಒಂದು ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ಹತ್ತಿತು ಎಂದು ಒಂದು ಕಡೆಯವರು, ಹತ್ತಲಿಲ್ಲ ಎಂದು ಇನ್ನೊಂದು ಕಡೆಯವರು ಜಗಳಕ್ಕೆ ನಿಂತು ಬಡಿಗೆ ಹಿಡಿದರಂತೆ. ಒಬ್ಬನ ಕಣ್ಣು ಹೋಯಿತು. ಎಲೆ ಮಾರಲು ಹೋಗಿದ್ದ ಕಾಕಾ ಒಂದು ಚಕ್ಕಡಿಯ ಕೆಳಗೆ ಮಲಗಿ ಜೀವ ಉಳಿಸಿಕೊಂಡರು. ಮುಂದೆ ಎಲೆಯ ಬುಟ್ಟಿ ಹೊತ್ತು ಹೋದ ಊರಲ್ಲೆಲ್ಲ ಅಲ್ಲಿಯ ಗರಡಿ ಕಲಿಸುವ ವಸ್ತಾದರ ಮನೆಗೆ ಹೋಗಿ ಕುಳಿತರು. "ಹಿಂಗ ನಡೆದ್ರ ನನಗ ಕುಸ್ತಿ ನೋಡಾಕ ಆಗೂದಿಲ್ರಿ. ನೋಡದ ಇರಾಕೂ ಆಗೂದಿಲ್ಲ" ಎಂದು ಗೋಗರೆದರು. ಅವರ ಕಾಟ ತಾಳಲಾರದೆಯೋ ಏನೋ, ನಾಲ್ಕೂ ಊರಿನವರು ಹಾನಗಲ್ಲಿನ ಒಂದು ಅಡತಿ ಅಂಗಡಿಯಲ್ಲಿ ಕೂಡಿದರು.

ಆ ಸಭೆಯಲ್ಲಿ ಕಾಕಾ ಒಂದು ನಿಯಮ ಹೇಳಿದರು. ಪೈಲ್ವಾನ ಬಿದ್ದಾಗ ಪಂಚರು ತಾವಾಗಿ ತೀರ್ಪು ಕೊಡಬಾರದು. ಬಿದ್ದವನನ್ನೇ ಕೇಳಬೇಕು, ಬೆನ್ನು ಹತ್ತಿತೇನಪ್ಪಾ ಎಂದು. ಅವನು ಹತ್ತಿತು ಎಂದರೆ ಸೋಲು, ಇಲ್ಲ ಎಂದರೆ ಕುಸ್ತಿ ಮುಂದುವರಿಯಬೇಕು. ಇಡೀ ಅಂಗಡಿ ನಕ್ಕಿತಂತೆ. ಕಳ್ಳನನ್ನೇ ಕೇಳಿ ನ್ಯಾಯ ಹೇಳಿದಂತಾಯಿತು ಎಂದರು. ಕಾಕಾನ ಗಂಟಲಗಂಟು ಮೇಲೆ ಹೋಗಿ ಕೆಳಗಿಳಿಯಿತು. "ಹತ್ತೇತೋ ಇಲ್ಲೋ ಅಂವಗಷ್ಟ ಗೊತ್ತಿರ್ತೈತ್ರಿ. ನಾವು ದೂರ ನಿಂತಾವ್ರು, ಹೊಡದಾಡ್ತೇವಿ. ಗೊತ್ತಿದ್ದಾವನ್ನ ಒಮ್ಮೆ ಕೇಳಿ ನೋಡೂಣು."

ಕೇಳಿ ನೋಡಿದರು. ಯಾರೂ ಎಣಿಸದಂತೆ ಅದು ನಡೆಯಿತು. ಶಿಗ್ಗಾಂವಿಯ ಒಬ್ಬ ಪೈಲ್ವಾನ, ಜನವೆಲ್ಲ ಇವನು ಬಿದ್ದಿಲ್ಲ ಎಂದು ಕೂಗುತ್ತಿರುವಾಗಲೇ ಎದ್ದು ಮೈ ಕೊಡವಿ, "ಹತ್ತಿತ್ರಿ ಕಾಕಾ" ಎಂದದ್ದನ್ನು ನಾನೇ ಕಂಡಿದ್ದೇನೆ. ಅವತ್ತು ಗೆದ್ದವನನ್ನು ಯಾರೂ ಎತ್ತಲಿಲ್ಲ, ಸೋತವನನ್ನು ಹೆಗಲ ಮೇಲೆ ಹೊತ್ತು ಕುಣಿದರು. ಹುಬ್ಬಳ್ಳಿಯ ಕಡೆಯವರು ನಮ್ಮನ್ನು ಬೈರಾಗಿಗಳ ಸಂಘ ಎಂದು ಆಡಿಕೊಳ್ಳುತ್ತಿದ್ದರು. ನಮಗೆ ಅದರ ಹೆಮ್ಮೆಯೇ ಇತ್ತು.

ಇನ್ನು ಒಬ್ಬ ಇನಾಂದಾರರ ವಿಷಯ. ಸವಣೂರಿಗೂ ಶಿಗ್ಗಾಂವಿಗೂ ನಡುವೆ ಒಂದು ಹಳ್ಳಿಯಲ್ಲಿ ಅವರ ವಾಡೆ. ಕುದುರೆ ಸಾಕಿದಂತೆ ಒಬ್ಬ ಪೈಲ್ವಾನನನ್ನು ಸಾಕಿದ್ದರು. ಅವನು ಚಿಕ್ಕೇರೂರು ಕಡೆಯವನು, ತಂದೆ ಇಲ್ಲದವನು. ತಾಯಿಯನ್ನೂ ಕರೆದುಕೊಂಡು ಬಂದು ವಾಡೆಯ ಹಿಂದಿನ ಕೋಣೆಯಲ್ಲಿದ್ದ. ಅವನ ಬೆನ್ನಿಗೆ ಅದುವರೆಗೆ ಯಾವ ಕಣದ ಮಣ್ಣೂ ಹತ್ತಿರಲಿಲ್ಲ. ಯುದ್ಧದ ಕಾಲದಲ್ಲಿ ಒಂದು ಮಾಘ ಮಾಸ, ಹಿರೇಕೆರೂರಿನಲ್ಲಿ ಅವನಿಗೂ ನನಗೂ ಜೋಡಿ ಗೊತ್ತಾಯಿತು. ಆಗ ನನಗೆ ಇಪ್ಪತ್ತರ ಮೇಲೆ ಸ್ವಲ್ಪ ವಯಸ್ಸು, ಮೈಯಲ್ಲಿ ಕಸುವು, ತಲೆಯಲ್ಲಿ ಗಾಳಿ.

ತಾಲೀಮಿಗೆಂದು ಸವಣೂರಿಗೆ ಬಂದು ಕಾಕಾನ ಅಂಗಡಿಯಲ್ಲಿ ಕುಳಿತಿದ್ದ ಒಂದು ಮಧ್ಯಾಹ್ನ ಇನಾಂದಾರರ ಕಾರಕೂನ ಬಂದ. ನಯವಾದ ಮನುಷ್ಯ. ಎಲೆಯ ತೊಟ್ಟು ಮುರಿಯುತ್ತ ಮಾತು ತೆಗೆದ.

"ತೋಟ ಹೆಂಗೈತ್ರಿ ಕಾಕಾ?"

"ದೇವ್ರ ದಯಾ ಐತ್ರಿ."

"ನೀರು ಬರೋಬರಿ ಬರಾಕತ್ತೈತಿಲ್ಲೋ?"

ಕಾಕಾನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು. ಕೆರೆಯ ಕಾಲುವೆ ಇನಾಂದಾರರ ಹೊಲ ದಾಟಿಯೇ ಅವರ ತೋಟಕ್ಕೆ ಬರಬೇಕು. ಬೇಸಿಗೆಯಲ್ಲಿ ನೀರು ತಪ್ಪಿದರೆ ಎಲೆಬಳ್ಳಿಗೆ ಉಳಿಗಾಲವಿಲ್ಲ. "ಬರಾಕತ್ತೈತ್ರಿ" ಎಂದರು.

"ಬರ್ಲಿ, ಹಿಂಗ ಬರ್ಲಿ. ಧಣ್ಯಾರು ಒಂದು ಮಾತು ಹೇಳಿ ಕಳಿಸ್ಯಾರ. ಹಿರೇಕೆರೂರಾಗ ನಮ್ಮ ಪೈಲ್ವಾನನ ಬೆನ್ನಿಗೆ ಮಣ್ಣು ಹತ್ತಬಾರದು. ಬಿದ್ರೂ ಹತ್ತಬಾರದು."

ನಾನು ಎದ್ದು ನಿಂತೆ. ಕಾಕಾ ನನ್ನ ಧೋತರದ ಚುಂಗು ಹಿಡಿದು ಕೂರಿಸಿದರು. ಕಾರಕೂನ ನನ್ನತ್ತ ನೋಡಲೂ ಇಲ್ಲ. "ನೀವೇನೂ ಸುಳ್ಳು ಹೇಳಬೇಕಾಗಿಲ್ರಿ. ನಿಮ್ಮ ನಿಯಮ ಐತೆಲ್ಲಾ, ಬಿದ್ದಾವನ್ನ ಕೇಳೂದು? ಅವನ್ನ ಕೇಳ್ರಿ, ಸಾಕು. ಅವನ ತಾಯಿ ನಮ್ಮ ವಾಡೇದಾಗ ಬೀಸಿ ಉಣ್ತಾಳ. ಏನು ಹೇಳಬೇಕು ಅಂತ ಅವಗ ಗೊತ್ತೈತಿ. ನಿಮ್ಮ ನಿಯಮಾನೂ ಉಳೀತೈತಿ, ನೀರೂ ಉಳೀತೈತಿ." ಇಷ್ಟು ಹೇಳಿ ಎಲೆಯ ಕಟ್ಟು ಬಗಲಿಗಿಟ್ಟುಕೊಂಡು ಹೊರಟೇಹೋದ.

ಆ ದಿನದಿಂದ ಕಾಕಾ ಊಟ ಬಿಟ್ಟರು. ಬಿಟ್ಟರು ಎಂದರೆ ವ್ರತವಲ್ಲ, ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಅಂಜಿದವನು ತೀರ್ಪಿಗೆ ನಿಲ್ಲಬಾರದು, ನೀವು ಯಾರಾದರೂ ನಿಲ್ಲಿರಿ ಎಂದು ಉಳಿದ ಮೂರು ಊರಿನ ಪಂಚರಿಗೆ ಹೇಳಿ ಕಳಿಸಿದರು. ಅವರೆಲ್ಲ ಕುಸ್ತಿಯ ಹೊತ್ತಿಗೆ ಒಬ್ಬೊಬ್ಬರಾಗಿ ಜಾರಿಕೊಂಡರು. ಒಬ್ಬರಿಗೆ ಜ್ವರ, ಒಬ್ಬರಿಗೆ ಬೀಗರ ಮನೆಯ ಕೆಲಸ, ಇನ್ನೊಬ್ಬರಂತೂ ನೆವ ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಎದೆ ಸೆಟೆಸಿ ಮೀಸೆ ತಿರುವುತ್ತಿದ್ದವರೇ ಇವರು ಮೂವರೂ. ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ. ಕೊನೆಗೆ ಉಳಿದದ್ದು ಕಾಕಾ ಒಬ್ಬರೇ.

ಪೆಟ್ರೋಲು ಸಿಗದೆ ಇದ್ದಿಲಿನ ಮೇಲೆ ಬಸ್ಸು ಓಡಿಸುತ್ತಿದ್ದ ಕಾಲ ಅದು. ದಾರಿಯುದ್ದಕ್ಕೂ ಕೆಮ್ಮುತ್ತ ಏದುತ್ತ ಹೋಗುವ ಆ ಬಸ್ಸಿನಲ್ಲಿ ಕಾಕಾ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ರಟ್ಟೀಹಳ್ಳಿ ದಾಟಿದ ಮೇಲೆ ನನಗೆ ನೋಡಲಾಗಲಿಲ್ಲ. "ಕಾಕಾ, ನಾನ ಬಿದ್ದುಬಿಡ್ತೇನಿ. ಎಲ್ಲಾ ಮುಗದು ಹೋಗ್ತೈತಿ" ಎಂದೆ.

ಅವರು ನನಗೆ ಬೈದದ್ದು ಅದೊಂದೇ ಸಲ. "ಬೀಳೂದಾದ್ರ ಖರೇನ ಬೀಳು. ಬ್ಯಾಡಾದ್ರ ಕಣಕ್ಕ ಇಳೀಬ್ಯಾಡ. ಸುಳ್ಳ ಕುಸ್ತಿ ಹಿಡದಿ ಅಂದ್ರ ನಮ್ಮ ಮನಿ ಹೊಸ್ತಿಲಾ ತುಳೀಬ್ಯಾಡ." ಹೇಳಿ ಮುಗಿಸಿ ಮತ್ತೆ ಕಂಬಿ ಹಿಡಿದರು. ಸ್ವಲ್ಪ ಹೊತ್ತಾದ ಮೇಲೆ ತಮಗೆ ತಾವೇ ಎಂಬಂತೆ, "ನಿಯಮ ನಾನ ಮಾಡಿದ್ದು. ಈಗ ನನ್ನ ಕುತ್ತಿಗಿಗೆ ಬಂತು" ಎಂದರು.

ಹಿರೇಕೆರೂರಿನ ಕಣದ ಸುತ್ತ ಜನ ಮರ ಹತ್ತಿ ಕುಳಿತಿದ್ದರು. ಇನಾಂದಾರರು ಒಂದು ಕುರ್ಚಿಯಲ್ಲಿ, ಅವರ ಹಿಂದೆ ಬಡಿಗೆ ಹಿಡಿದ ಆಳುಗಳು ಸಾಲಾಗಿ. ಹಲಗೆ ಬಡಿಯುತ್ತಿದ್ದರು. ನಾನು ಅಂಜಿದ್ದೆ, ಆದರೆ ಸೋಲಿಗಲ್ಲ. ಎಲ್ಲಿ ಗೆದ್ದುಬಿಡುತ್ತೇನೋ ಎಂದು ಅಂಜಿ ಕಣಕ್ಕಿಳಿದದ್ದು ಜೀವಮಾನದಲ್ಲಿ ಅದೊಂದೇ ಸಲ. ಕೈ ಕೊಡುವಾಗ ಅವನ ಅಂಗೈ ಒದ್ದೆಯಾಗಿ ತಣ್ಣಗಿತ್ತು.

ಬಹಳ ಹೊತ್ತು ಹಿಡಿದೆವು. ಅವನು ನನಗಿಂತ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಎರಡು ಸಲ ನಾನು ಬೀಳುವುದರಲ್ಲಿದ್ದೆ. ಕಡೆಗೆ ಎಲ್ಲಿಯೋ ಅವನ ಕಾಲು ಸಡಿಲಾಯಿತು. ಯೋಚಿಸಲು ಸಮಯವಿರಲಿಲ್ಲ, ಕಲಿತ ಮೈ ತಾನಾಗಿ ತಿರುಗಿತು. ಅವನನ್ನು ಸೊಂಟದ ಮೇಲೆ ಎಳೆದು ಒಗೆದೆ, ನಾನೂ ಅವನ ಮೇಲೆ ಬಿದ್ದೆ. ಧೂಳು ಎದ್ದಿತು. ಜನ ಹೋ ಎಂದರು. ಬೆನ್ನು ಹತ್ತಿತು ಎಂದೇ ನನಗೆ ಅನಿಸಿತು. ಆದರೆ ಮೇಲಿದ್ದವನಿಗೆ ಯಾವಾಗಲೂ ಹಾಗೇ ಅನಿಸುತ್ತದೆ.

ಧೂಳು ಕುಳಿತಾಗ ಕಾಕಾ ನಮ್ಮ ಹತ್ತಿರ ಬಂದು ನಿಂತಿದ್ದರು. ಅವನು ಮಲಗಿದಲ್ಲಿಂದಲೇ ಅವರನ್ನು ನೋಡುತ್ತಿದ್ದ. ಈಗ ಕೇಳಬೇಕು, ಅವನು ಇಲ್ಲ ಎನ್ನುತ್ತಾನೆ, ಕುಸ್ತಿ ಮತ್ತೆ ಶುರುವಾಗುತ್ತದೆ, ತೋಟ ಉಳಿಯುತ್ತದೆ. ನಾನೂ ಮನಸ್ಸಿನಲ್ಲೇ ಕೇಳ್ರಿ ಕಾಕಾ, ಕೇಳಿಬಿಡ್ರಿ ಎನ್ನುತ್ತಿದ್ದೆ. ಕಾಕಾ ಬಗ್ಗಿದರು. ಅವನ ಮುಖವನ್ನೇ ನೋಡಿದರು. ಬಾಯಿ ತೆರೆದರು, ಮುಚ್ಚಿದರು. ಆಮೇಲೆ ನೆಟ್ಟಗಾಗಿ ಇನಾಂದಾರರ ಕಡೆ ತಿರುಗಿ, ಹೆಂಗಸರ ದನಿಯಷ್ಟು ತೆಳ್ಳಗಾದ ದನಿಯಲ್ಲಿ, "ಬೆನ್ನು ಹತ್ತೇತಿ. ನಾ ನೋಡೇನಿ. ಕುಸ್ತಿ ಹಾನಗಲ್ಲಿನವಂದು" ಎಂದರು.

ಆಳುಗಳಲ್ಲಿ ಒಬ್ಬ ಮುಂದೆ ಬಂದು, "ನಿಯಮ ಎಲ್ಲಿ ಹೋತು? ಬಿದ್ದಾವನ್ನ ಕೇಳ್ರಿ" ಎಂದ.

"ಕೇಳೂದಿಲ್ಲ."

"ಯಾಕ ಕೇಳೂದಿಲ್ಲ?"

"ನಾನ ಅಧ್ಯಕ್ಷ ಅದೇನಿ. ಕೇಳೂದಿಲ್ಲ. ಏನಾರ ಇದ್ರ ನನ್ನ ಕೂಡ ಮಾತಾಡ್ರಿ."

ನಾನು ಎದ್ದು ಹಿಂದಿನಿಂದ ಅವರ ರಟ್ಟೆ ಹಿಡಿದೆ, ಇಲ್ಲದಿದ್ದರೆ ಕುಸಿದೇಬಿಡುತ್ತಿದ್ದರು. ಬಡಿಗೆಗಳು ಏಳುತ್ತವೆ ಎಂದುಕೊಂಡೆವು, ಏಳಲಿಲ್ಲ. ಇನಾಂದಾರರು ಕಾಕಾನನ್ನು ಒಂದಿಷ್ಟು ಹೊತ್ತು ನೋಡಿದರು. ಏನೂ ಅನ್ನದೆ ಎದ್ದು ಗಾಡಿ ಹತ್ತಿದರು. ಅದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು.

ಮರಳುವ ಬಸ್ಸಿನಲ್ಲಿ, ಯಾಕೆ ಕೇಳಲಿಲ್ಲ ಎಂದು ನಾನು ಕೇಳಿದೆ. ಕಾಕಾ ಮೊದಲು ಕಂಬಿಯಿಂದ ಒಂದು ಕೈ ಬಿಡಿಸಿಕೊಂಡರು. ಆಮೇಲೆ ಹೇಳಿದರು. "ಅವನ ಕಣ್ಣು ನೋಡಿದ್ಯಾ? ನನ್ನಂಗ ಅಂಜಿದ್ದ. ಹೌದು ಅಂದ್ರ ತಾಯಿ ಬೀದಿಗೆ ಬೀಳ್ತಾಳ. ಇಲ್ಲ ಅಂದ್ರ ಸಾಯೂ ಮಟ ಸುಳ್ಳು ಹೇಳಿದಾವ ಅನಿಸ್ಕೋತಾನ, ತನಗ ತಾನ. ಅಷ್ಟು ಅಂಜಿದಾವನ್ನ ಖರೇ ಹೇಳು ಅಂತ ಹೆಂಗ ಕೇಳ್ಲಿ?"

ಬಸ್ಸಿಳಿದವರೇ ನೇರ ತೋಟಕ್ಕೆ ಹೋದರು. ನೀರು ಹರಿಯುತ್ತಿತ್ತು. ಮರುದಿನವೂ ಹರಿಯಿತು, ಮುಂದಿನ ವಾರವೂ ಹರಿಯಿತು. ದಿನಾ ಬೆಳಗಿನ ನಮಾಜು ಮುಗಿಸಿ ಕಾಕಾ ಕಾಲುವೆಯ ದಂಡೆಗೆ ಹೋಗಿ ಕುಕ್ಕರುಗಾಲಲ್ಲಿ ಕುಳಿತು ನೀರಿಗೆ ಕೈ ಹಾಕಿ ನೋಡುತ್ತಿದ್ದರು. "ಆ ಧಣ್ಯಾರು ನೀರು ಬಂದ್ ಮಾಡಿಬಿಟ್ರ ಒಂದು ಛಲೋ ಆಗ್ತಿತ್ತು. ಇದೊಂದು ಕಾಯೂದು ಸಾಕಾಗೇತಿ" ಎಂದು ಕಾಕೂ ನನ್ನೆದುರು ಅತ್ತರು. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ ಒಂದು ಬೆಳಗ್ಗೆ ಕಾಲುವೆಯಲ್ಲಿ ಬರೀ ಕೆಸರಿತ್ತು. ಬಾವಿಯಿಂದ ಕೊಡ ಹೊತ್ತು ಬಳ್ಳಿ ಉಳಿಸಲು ನೋಡಿದರು. ಸವಣೂರಿನ ಗರಡಿಯವರ ಜೊತೆ ನಾನೂ ಹೊತ್ತೆ. ಮಳೆ ಬರುವ ಹೊತ್ತಿಗೆ ತೋಟವೆಂದರೆ ಒಣಗಿದ ದಾರಗಳ ಸಿಕ್ಕು.

ಸಂಘದ ಸಭೆ ಕೂಡಿತು. ಆ ದಿನ ಜ್ವರ ಬಂದವರು, ಬೀಗರ ಮನೆಗೆ ಹೋದವರು ಎಲ್ಲರೂ ಈಗ ಗುಣವಾಗಿ ಬಂದಿದ್ದರು. ನಿಯಮ ಮಾಡಿದವರೇ ಮುರಿದರೆ ಹೇಗೆ ಎಂದು ಪ್ರಶ್ನೆ ಬಂತು. ನಾನು ಎದ್ದು ನಿಜ ಹೇಳಲು ಹೊರಟೆ. ಕಾಕಾ ಕೈಯೆತ್ತಿ ತಡೆದರು. ಕೇಳಿದ್ದರೆ ಆ ಪೈಲ್ವಾನ ಸುಳ್ಳು ಹೇಳುತ್ತಿದ್ದ ಎಂದು ನಾಲ್ಕು ಊರಿನ ಮುಂದೆ ಹೇಳಿದರೆ, ಅವನನ್ನು ಉಳಿಸಿ ಏನು ಬಂತು? "ತಪ್ಪಾತ್ರಿ. ಅಂಜಿಕ್ಯಾಗ ನಿಯಮ ಮರತ್ನಿ" ಎಂದಷ್ಟೇ ಹೇಳಿ ಅಧ್ಯಕ್ಷತನ ಬಿಟ್ಟು ಎದ್ದು ಹೋದರು. ಅಂಜುಬುರುಕ ಎಂಬ ಹೆಸರು ಅವರಿಗೆ ಮೊದಲೇ ಇತ್ತು. ಹಾಗಾಗಿ ಎಲ್ಲರೂ ನಂಬಿದರು.

ಮುಂದೆ ಅವರು ಬೇರೆಯವರ ತೋಟದ ಎಲೆ ಕೊಂಡು, ಬುಟ್ಟಿ ಹೊತ್ತು ಶಿಗ್ಗಾಂವಿ ಸಂತೆಯಲ್ಲಿ ಮಾರಿ ಹೊಟ್ಟೆ ಹೊರೆದರು. ಸಿಕ್ಕಾಗಲೆಲ್ಲ ಕುಸ್ತಿಯ ಮಾತೇ. ಆದರೆ ಕಣದ ಹತ್ತಿರ ಮತ್ತೆ ಬರಲಿಲ್ಲ.

ಸ್ವಾತಂತ್ರ್ಯ ಬಂದ ಮೇಲಿನ ಚಳಿಗಾಲದಲ್ಲಿ ಕಾಕೂ ಹೇಳಿ ಕಳಿಸಿದರು. ದಮ್ಮು ಬಂದು ಕಾಕಾ ಹಾಸಿಗೆ ಹಿಡಿದಿದ್ದರು. ಗೋಡೆಗೆ ಒರಗಿಸಿ ಕೂರಿಸಿದ್ದರು. ಮಲಗಿದರೆ ಉಸಿರು ಕಟ್ಟುತ್ತಿತ್ತು. ನನ್ನನ್ನು ಹತ್ತಿರ ಕರೆದು, "ಒಂದು ಅಂಜಿಕಿ ಉಳದೈತಿ" ಎಂದರು. ಸಾವಿನದೆಂದು ತಿಳಿದು ನಾನು ಏನೋ ಸಮಾಧಾನ ಹೇಳಲು ಹೋದೆ. ಅವರು ತಲೆಯಾಡಿಸಿದರು.

"ಅವತ್ತ ನಾ ನೋಡೇನಿ ಅಂದ್ನೆಲ್ಲಾ? ನಾ ನೋಡಿರಲಿಲ್ಲೋ. ನೀ ಅವನ್ನ ಎತ್ತಿದಾಗ ಅಂಜಿ ಕಣ್ಣು ಮುಚ್ಚಿದ್ನಿ. ತಗದಾಗ ಧೂಳಷ್ಟ ಇತ್ತು. ಅವನ ಮಾರಿ ನೋಡಿ ಹೇಳಿಬಿಟ್ನಿ. ಹತ್ತಿರಲಿಲ್ಲ ಅಂದ್ರ? ಬೀಳದಾವನ್ನ ಬೀಳಿಸಿದಾವ ಆದ್ನೆಲ್ಲೋ. ಇಷ್ಟು ವರ್ಷ ಅದನ್ನ ಹೊತ್ಕೊಂಡು ತಿರುಗ್ಯಾಡೇನಿ."

"ಹತ್ತಿತ್ರಿ ಕಾಕಾ, ನಾನ ಮ್ಯಾಲಿದ್ನೆಲ್ಲಾ" ಎಂದೆ. "ಗೆದ್ದಾವನ ಮಾತು ನಮ್ಮ ಸಂಘದಾಗ ನಡಿಯೂದಿಲ್ಲ" ಎಂದು ಕಣ್ಣು ಮುಚ್ಚಿದರು.

ಮರುದಿನ ನಾನು ಇನಾಂದಾರರ ಹಳ್ಳಿಗೆ ಹೋದೆ. ಆ ಪೈಲ್ವಾನ ಈಗ ಕುಸ್ತಿ ಬಿಟ್ಟು ವಾಡೆಯ ಎತ್ತು ನೋಡಿಕೊಂಡಿದ್ದ. ಇನಾಂದಾರರು ಇನ್ನೂ ಇದ್ದರು, ಅವರ ಮಾತೂ ನಡೆಯುತ್ತಿತ್ತು. ವಿಷಯ ಹೇಳಿದಾಗ ಅವನು ಮೊದಲು ಹಿಂದೆ ತಿರುಗಿ ವಾಡೆಯ ಬಾಗಿಲು ನೋಡಿದ. "ನಾ ಕಾಕಾನ ಕಡೆ ಬಂದದ್ದು ಗೊತ್ತಾದ್ರ ನನಗ ಇಲ್ಲಿ ನೆಲಿ ಇಲ್ಲ" ಎಂದ. ನಾನು ಒತ್ತಾಯ ಮಾಡಲಿಲ್ಲ. ಊರ ಹೊರಗಿನ ಹಳ್ಳ ದಾಟುವಾಗ ಹಿಂದೆ ಹೆಜ್ಜೆ ಸದ್ದಾಯಿತು. ತಲೆಯ ಮೇಲೆ ಕಂಬಳಿ ಎಳೆದುಕೊಂಡು ಬರುತ್ತಿದ್ದ. ಸವಣೂರು ಮುಟ್ಟುವ ತನಕ ಯಾವ ಗಾಡಿ ಎದುರು ಬಂದರೂ ಮುಖ ಮುಚ್ಚಿಕೊಳ್ಳುತ್ತಿದ್ದ.

ಕಾಕಾ ಅವನನ್ನು ಗುರುತಿಸಿದರು. ಕೂರಲು ಹೇಳಿದರು. ಆ ದಿನ ಕಣದಲ್ಲಿ ಕೇಳದೆ ಬಿಟ್ಟದ್ದನ್ನು ಈಗ ಕೇಳಿದರು.

"ಬೆನ್ನು ಹತ್ತಿತ್ತೇನಪ್ಪಾ?"

"ಹತ್ತಿತ್ರಿ ಕಾಕಾ. ಪೂರಾ ಹತ್ತಿತ್ತು."

ಕಾಕಾ ದೊಡ್ಡದೊಂದು ಉಸಿರು ಎಳೆಯಲು ನೋಡಿದರು, ಅರ್ಧಕ್ಕೇ ನಿಂತಿತು. ಸುಧಾರಿಸಿಕೊಂಡು ಮತ್ತೆ ಕೇಳಿದರು. "ಅವತ್ತ ಕೇಳಿದ್ರ ಏನಂತಿದ್ದಿ?"

ಅವನು ತಲೆ ತಗ್ಗಿಸಿದ. ಆ ಗಟ್ಟಿ ಆಳು ಅಳುತ್ತಿದ್ದಾನೆಂದು ನನಗೆ ತಿಳಿದದ್ದು ಬೆನ್ನು ಅಲುಗಿದಾಗ. "ಇಲ್ಲ ಅಂತಿದ್ನಿರಿ" ಎಂದ.

"ಹಂಗಾರ ಕೇಳದ ಇದ್ದದ್ದು ಛಲೋ ಆತು ಬಿಡು" ಎಂದು ಕಾಕಾ ಅವನ ಬೆನ್ನ ಮೇಲೆ ಕೈ ಇಟ್ಟರು. ಕಾಕೂಗೆ ರೊಟ್ಟಿ ಬಡಿಯಲು ಹೇಳಿದರು. ಆ ವಾರ ಮುಗಿಯುವುದರೊಳಗೆ ಅವರು ತೀರಿಕೊಂಡರು. ಮಣ್ಣಿಗೆ ನಾಲ್ಕೂ ಊರಿನವರು ಬಂದಿದ್ದರು. ಅವನು ಬರಲಾಗಲಿಲ್ಲ. ಯಾಕೆಂದು ನನಗೆ ಗೊತ್ತಿತ್ತು, ಕಾಕಾಗೂ ಗೊತ್ತಿರುತ್ತಿತ್ತು.

ಈಗ ಸಂಘದ ಅಧ್ಯಕ್ಷತನ ನನ್ನ ಪಾಲಿಗೆ ಬಂದಿದೆ. ನಿಯಮ ಅದೇ ಇದೆ, ಬಿದ್ದವನನ್ನೇ ಕೇಳುತ್ತೇವೆ. ಆದರೆ ಕೇಳಲು ಬಗ್ಗುವ ಮುಂಚೆ ನಾನು ತಲೆಯೆತ್ತಿ ಅವನ ಹಿಂದೆ ಯಾರು ನಿಂತಿದ್ದಾರೆ ಎಂದು ಒಮ್ಮೆ ನೋಡುತ್ತೇನೆ.